ಕೋಳಿ ಸಾರಿನಲ್ಲಿ ಜೋಳದ ಕಡಬು: ಕರಗದಂತೆ, ಒಡೆಯದಂತೆ ಮಾಡುವ ಕ್ರಮ

ದೂರು ಪ್ರತಿ ಬಾರಿಯೂ ಒಂದೇ. ಸಾರು ಚೆನ್ನಾಗಿತ್ತು, ಕಡಬನ್ನೂ ಅಂದವಾಗಿ ತಟ್ಟಿ ಹಾಕಿದೆವು, ಹತ್ತು ನಿಮಿಷ ಬಿಟ್ಟು ಮುಚ್ಚಳ ತೆಗೆದರೆ ಕಡಬೂ ಇಲ್ಲ, ಸಾರೂ ಇಲ್ಲ. ಇರುವುದು ಕೋಳಿ ತುಂಡು ಬಿದ್ದಿರುವ ಅಂಬಲಿ. ಕೆಲವರದು ಇದಕ್ಕೆ ತದ್ವಿರುದ್ಧ: ಕಡಬು ಕಲ್ಲಿನಂತೆ ಉಳಿದಿದೆ, ಮುರಿದರೆ ನಡುವೆ ಬಿಳಿ ಹಸಿ ಹಿಟ್ಟು. ದಿನವೂ ರೊಟ್ಟಿ ಬಡಿಯುವ ಕಲಬುರಗಿಯ ಕೈಗಳೇ ಇಲ್ಲಿ ಸೋಲುತ್ತಿವೆ. ಸಾಮಾನು ಸರಿಯಿದ್ದೂ ಕೆಡುತ್ತಿದೆ ಎಂದರೆ, ಯಾವುದರ ನಂತರ ಯಾವುದು ಎಂಬುದರಲ್ಲೇ ಎಡವುತ್ತಿದ್ದೇವೆ ಎಂದರ್ಥ. ಆ ಕ್ರಮವನ್ನು ಇಲ್ಲಿ ಬಿಡಿಬಿಡಿಯಾಗಿ ಹೇಳುತ್ತೇನೆ. ಅಳತೆ ನಾಲ್ಕೈದು ಜನರಿಗೆ.

ಕಡಬು ಕರಗುವುದೇಕೆ?

ಗೋಧಿಯಲ್ಲೂ ಮೈದಾದಲ್ಲೂ ಗ್ಲುಟೆನ್ ಎಂಬ ಅಂಟು ಪ್ರೋಟೀನ್ ಇದೆ. ತಣ್ಣೀರು ಹಾಕಿ ನಾದಿದರೂ ಅದು ಹಿಟ್ಟನ್ನು ಹಿಡಿದಿಡುತ್ತದೆ. ಜೋಳದಲ್ಲಿ ಅದು ಇಲ್ಲ. ಜೋಳದ ಜಿಗುಟೆಲ್ಲ ಪಿಷ್ಟದಿಂದ ಬರಬೇಕು. ಆ ಪಿಷ್ಟ ಸುಮಾರು 70 ಡಿಗ್ರಿ ಸೆಲ್ಸಿಯಸ್ ದಾಟಿದ ನೀರನ್ನು ಕುಡಿದು ಉಬ್ಬಿದಾಗಲೇ ಅಂಟಾಗುತ್ತದೆ. ಹಾಗಾಗಿ ಜೋಳದ ಹಿಟ್ಟು ಸಾರಿಗೆ ಬೀಳುವ ಮೊದಲೇ ಎಸರಿನಲ್ಲಿ ಅರ್ಧ ಬೆಂದಿರಬೇಕು. ಸಾರಿನಲ್ಲಿ ನಡೆಯುವುದು ಉಳಿದರ್ಧ ಮಾತ್ರ.

ಮೊಬೈಲ್‌ನಲ್ಲಿ ಮೈದಾ ಡಂಪ್ಲಿಂಗ್‌ನ ವಿಡಿಯೊ ನೋಡಿ, ಅದೇ ರೀತಿ ಜೋಳದ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಚಮಚದಿಂದ ಬಿಡುವವರು ಈಗ ಹೆಚ್ಚಾಗಿದ್ದಾರೆ. ಆ ವಿಧಾನ ಮೈದಾಕ್ಕೆ ಸರಿ. ಜೋಳಕ್ಕೆ ಅದು ನೇರವಾಗಿ ಅಂಬಲಿಯ ದಾರಿ.

ಬೇಕಾಗುವ ಪಾತ್ರೆ, ಸಾಮಾನು

ಸಾಮಾನಿಗಿಂತ ಮೊದಲು ಪಾತ್ರೆ. ಐದಾರು ಲೀಟರ್ ಹಿಡಿಯುವ, ಬಾಯಿ ಅಗಲವಾದ, ತಳ ದಪ್ಪಗಿರುವ ಬೋಗುಣಿ ಬೇಕು. ಕಡಬುಗಳು ಒಂದರ ಮೇಲೊಂದು ರಾಶಿಯಾಗದೆ ಹರಡಿಕೊಳ್ಳಲು ಜಾಗವಿರಬೇಕು. ಕುಕ್ಕರ್‌ನಲ್ಲಿ ಕೋಳಿ ಬೇಯಿಸಬಹುದು, ಕಡಬನ್ನು ಬೇಯಿಸಬಾರದು. ಎಸರಿಗೆ ಇನ್ನೊಂದು ಸಣ್ಣ ಪಾತ್ರೆ, ನಾದಲು ಪರಾತ, ಹಿಟ್ಟು ತಿರುವಲು ಲಟ್ಟಣಿಗೆ ಅಥವಾ ಗಟ್ಟಿ ಮರದ ಹಿಡಿಕೆ, ತಟ್ಟಿದ ಕಡಬು ಮುಚ್ಚಿಡಲು ಒದ್ದೆ ಬಟ್ಟೆ, ಪಾತ್ರೆಯ ಕಿವಿ ಹಿಡಿಯಲು ಎರಡು ಒಣ ಬಟ್ಟೆ. ಕೊನೆಯದನ್ನು ಮರೆಯಬೇಡಿ, ಅದರ ಕೆಲಸ ಮುಂದೆ ಇದೆ.

ಎಲುಬಿನ ಸಮೇತ ಕೋಳಿ 1 ಕಿಲೋ. ಜೋಳದ ಹಿಟ್ಟು 2 ಬಟ್ಟಲು, ಎಂದರೆ ಸುಮಾರು 250 ಗ್ರಾಂ. ತಟ್ಟುವಾಗ ಕೈಗೆ ಹಚ್ಚಲು ಇನ್ನೊಂದಿಷ್ಟು. ಉಳ್ಳಾಗಡ್ಡಿ 3, ಟೊಮೆಟೊ 1, ಬಳ್ಳೊಳ್ಳಿ 12 ಎಸಳು, ಹಸಿ ಶುಂಠಿ ಒಂದು ಇಂಚು, ಒಣ ಕೊಬ್ಬರಿ 30 ಗ್ರಾಂ, ಎಳ್ಳು 1 ಚಮಚ, ಕೊತ್ತಂಬರಿ ಕಾಳು 2 ಚಮಚ, ಜೀರಿಗೆ 1 ಚಮಚ, ಕರಿಮೆಣಸು 8, ಲವಂಗ 4, ಚಕ್ಕೆ ಒಂದು ಇಂಚು, ಚಿಟಿಕೆ ದಗಡಫೂಲು (ಕಲ್ಲುಹೂವು), ಕೆಂಪು ಖಾರ 2 ಚಮಚ, ಅರಿಸಿನ, ಉಪ್ಪು, ಎಣ್ಣೆ, ಕೊತ್ತಂಬರಿ ಸೊಪ್ಪು. ಕುಸುಬೆ ಎಣ್ಣೆ ಸಿಕ್ಕರೆ ಅದನ್ನೇ ಬಳಸಿ, ಈ ಸಾರಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ಹಂತ 1: ಹಿಟ್ಟನ್ನು ಪರೀಕ್ಷಿಸಿ

ಕೋಳಿ ತರುವ ಮೊದಲೇ ಈ ಕೆಲಸ ಮುಗಿಸಿ. ಹಿಟ್ಟು ಹಳೆಯದಾದರೆ ಯಾವ ಉಪಾಯವೂ ಪೂರ್ತಿ ಫಲಿಸುವುದಿಲ್ಲ.

ಎರಡು ಚಮಚ ಹಿಟ್ಟಿಗೆ ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪವೇ ಹಾಕಿ ಚಮಚದಿಂದ ಕಲಸಿ. ಕೈ ತಾಳುವಷ್ಟು ಆರಿದ ಮೇಲೆ ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಮೆಲ್ಲಗೆ ಬಿಡಿಸಿ. ಬೆರಳು ಬಿಡಿಸುವಾಗ ಹಿಟ್ಟು ಅಂಟಿ ಎಳೆದುಕೊಂಡರೆ ಜಿಗುಟಿದೆ. ಮರಳಿನಂತೆ ಉದುರಿದರೆ, ಬೆರಳು ಸ್ವಚ್ಛವಾಗಿ ಬಿಟ್ಟುಕೊಂಡರೆ ಆ ಹಿಟ್ಟನ್ನು ಅಂಬಲಿಗೆ ಇಟ್ಟುಕೊಳ್ಳಿ. ಮೂಗಿನ ಹತ್ತಿರ ಹಿಡಿದಾಗ ಕಮಟು ವಾಸನೆ ಬಂದರಂತೂ ಬೇಡವೇ ಬೇಡ; ಆ ಕಹಿ ಸಾರಿಗೂ ಇಳಿಯುತ್ತದೆ.

ಬಿಳಿ ಜೋಳವನ್ನು, ಮಾಲದಂಡಿ ತಳಿ ಸಿಕ್ಕರೆ ಇನ್ನೂ ಒಳ್ಳೆಯದು, ನುಣ್ಣಗೆ ಬೀಸಿಸಿ. ತರಿ ಉಳಿದರೆ ಕಡಬಿನ ಅಂಚು ಬಿರಿಯುತ್ತದೆ. ಗಿರಣಿಯಲ್ಲಿ ನಿಮ್ಮ ಜೋಳಕ್ಕಿಂತ ಮೊದಲು ಯಾರದು ಬಿತ್ತು ಎಂದು ಕೇಳಿ: ಕಡಲೆಬೇಳೆಯೋ ಮೆಣಸಿನಕಾಯಿಯೋ ಬಿದ್ದಿದ್ದರೆ ಮೊದಲ ಒಂದೆರಡು ಹಿಡಿ ಹಿಟ್ಟನ್ನು ಬೇರೆ ಇಡಬೇಕು. ಗಿರಣಿಯಿಂದ ಬಂದ ಹಿಟ್ಟು ಬಿಸಿಯಾಗಿರುತ್ತದೆ; ಹಾಗೆಯೇ ಡಬ್ಬಿಯ ಬಾಯಿ ಮುಚ್ಚಿದರೆ ಬೆವರಿ ಮುಗ್ಗುತ್ತದೆ. ಪರಾತದಲ್ಲಿ ಹರಡಿ, ತಣ್ಣಗಾದ ಮೇಲೆ ತುಂಬಿ. ಬೀಸಿಸಿ ಒಂದು ವಾರದೊಳಗಿನ ಹಿಟ್ಟು ಉತ್ತಮ. ಮಳೆಗಾಲದಲ್ಲಿ ಇನ್ನೂ ಬೇಗ ಬಳಸಿ. ಅಂಗಡಿಯ ಪೊಟ್ಟಣದ ಹಿಟ್ಟಾದರೆ ಈ ಪರೀಕ್ಷೆಯನ್ನು ತಪ್ಪಿಸಲೇಬೇಡಿ.

ಹಂತ 2: ಕೋಳಿ ಯಾವುದು ಎಂದು ನಿರ್ಧರಿಸಿ

ಜವಾರಿ ಕೋಳಿಗೂ ಫಾರಂ ಕೋಳಿಗೂ ಬೇಯುವ ಹೊತ್ತಿನಲ್ಲಿ ಅಜಗಜಾಂತರ. ಫಾರಂ ಕೋಳಿ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷದಲ್ಲಿ ಬೇಯುತ್ತದೆ. ಜವಾರಿಗೆ ತೆರೆದ ಪಾತ್ರೆಯಲ್ಲಿ ಒಂದು ಗಂಟೆಗೂ ಹೆಚ್ಚು ಬೇಕು, ಹುಂಜವಾದರೆ ಇನ್ನೂ ಹೆಚ್ಚು. ಕಡಬಿಗೆ ಬೇಕಾದದ್ದು ಹದಿನೈದು ನಿಮಿಷ. ಮೂರನ್ನೂ ಒಂದೇ ಗಡಿಯಾರಕ್ಕೆ ಕಟ್ಟಿದರೆ ಒಂದು ಹಸಿ ಉಳಿಯುತ್ತದೆ, ಇನ್ನೊಂದು ಪುಡಿಯಾಗುತ್ತದೆ.

ತುಂಡು ಸ್ವಲ್ಪ ದೊಡ್ಡದಾಗಿರಲಿ. ಕುತ್ತಿಗೆ, ಬೆನ್ನು, ರೆಕ್ಕೆಯ ಎಲುಬನ್ನು ಬೇಡವೆಂದು ಅಂಗಡಿಯಲ್ಲೇ ಬಿಟ್ಟು ಬರಬೇಡಿ. ಸಾರಿಗೆ ರಸ ಕೊಡುವುದು ಅವೇ. ಬರೀ ಎದೆಮಾಂಸದ ಸಾರಿನಲ್ಲಿ ಕಡಬು ಎಷ್ಟು ಚೆನ್ನಾಗಿ ಬೆಂದರೂ ಸಪ್ಪೆ. ಹಸಿ ಕೋಳಿ ತಾಗಿದ ಹಲಗೆ, ಚಾಕುವನ್ನು ಸೋಪು ಹಚ್ಚಿ ತೊಳೆದ ಮೇಲೆಯೇ ಕೊತ್ತಂಬರಿ ಸೊಪ್ಪನ್ನು ಹೆಚ್ಚಿ.

ಹಂತ 3: ಮಸಾಲೆ ಅರ್ಧಕ್ಕೆ ಇಳಿಸಿ

ನಮ್ಮ ಕಡೆ ಕೋಳಿ ಸಾರು ಎಂದರೆ ಕೊಬ್ಬರಿ, ಎಳ್ಳು, ಕೆಲವು ಮನೆಗಳಲ್ಲಿ ಶೇಂಗಾ ಪುಡಿ, ಎಲ್ಲವೂ ಧಾರಾಳ. ರೊಟ್ಟಿಯ ಜೊತೆ ಉಣ್ಣಲು ಆ ದಪ್ಪ ಬೇಕು. ಇಲ್ಲಿ ಅದೇ ತೊಡಕು. ಕಡಬು ಬೇಯುವಾಗ ಸಾರನ್ನು ಕುಡಿಯುತ್ತದೆ, ಜೊತೆಗೆ ತನ್ನ ಪಿಷ್ಟವನ್ನು ಸಾರಿಗೆ ಬಿಡುತ್ತದೆ. ಮೊದಲೇ ದಪ್ಪವಾದ ಸಾರು ಎರಡೂ ಕಡೆಯಿಂದ ಗಟ್ಟಿಯಾಗಿ ತಳ ಹಿಡಿಯುತ್ತದೆ. ಮೇಲೆ ಹೇಳಿದ 30 ಗ್ರಾಂ ಕೊಬ್ಬರಿ, 1 ಚಮಚ ಎಳ್ಳು ಕಡಿಮೆ ಎನಿಸಬಹುದು. ಹೆಚ್ಚಿಸಬೇಡಿ. ಶೇಂಗಾ ಪುಡಿ ಈ ಅಡುಗೆಗೆ ಬೇಡ.

ಒಂದು ಉಳ್ಳಾಗಡ್ಡಿಯನ್ನು ಉದ್ದಕ್ಕೆ ಹೆಚ್ಚಿ ಸ್ವಲ್ಪ ಎಣ್ಣೆಯಲ್ಲಿ ಕಂದುಬಣ್ಣ ಬರುವವರೆಗೆ ಹುರಿದು ತೆಗೆದಿಡಿ. ಅದೇ ಬಾಣಲೆಯಲ್ಲಿ ಸಣ್ಣ ಉರಿಯ ಮೇಲೆ ಕೊತ್ತಂಬರಿ ಕಾಳು, ಜೀರಿಗೆ, ಮೆಣಸು, ಲವಂಗ, ಚಕ್ಕೆ, ದಗಡಫೂಲು, ಆಮೇಲೆ ಎಳ್ಳು, ಎಲ್ಲಕ್ಕಿಂತ ಕೊನೆಗೆ ಕೊಬ್ಬರಿ. ಕೊಬ್ಬರಿ ಕಪ್ಪಾಗಲು ಅರೆ ನಿಮಿಷ ಸಾಕು, ಹಾಗಾಗಿ ಬಣ್ಣ ತಿರುಗುತ್ತಿದ್ದಂತೆ ಇಳಿಸಿ. ಎಲ್ಲವನ್ನೂ ನೀರು ಹಾಕಿ ಬೆಣ್ಣೆಯಂತೆ ನುಣ್ಣಗೆ ರುಬ್ಬಿ. ಕೊಬ್ಬರಿಯ ಚೂರು ಉಳಿದರೆ ತಳಕ್ಕಿಳಿದು ಹತ್ತಿಕೊಳ್ಳುತ್ತದೆ.

ಹಂತ 4: ಸಾರು ಕುದಿಸಿ, ಕೋಳಿಯನ್ನು ಹೊರಗೆ ತೆಗೆಯಿರಿ

ಬೋಗುಣಿಯಲ್ಲಿ ಮೂರು ಚಮಚ ಎಣ್ಣೆ ಕಾಯಿಸಿ ಉಳಿದ ಎರಡು ಉಳ್ಳಾಗಡ್ಡಿಯನ್ನು ಸಣ್ಣಗೆ ಹೆಚ್ಚಿ ಹುರಿಯಿರಿ. ಜಜ್ಜಿದ ಶುಂಠಿ, ಬಳ್ಳೊಳ್ಳಿ, ಅರಿಸಿನ, ನಂತರ ಕೋಳಿ, ಉಪ್ಪು. ಕೋಳಿ ತನ್ನ ನೀರು ಬಿಟ್ಟು ಆ ನೀರು ಆರುವವರೆಗೆ ಹುರಿದ ಮೇಲೆಯೇ ಟೊಮೆಟೊ ಮತ್ತು ಖಾರ. ಖಾರ ಹಸಿವಾಸನೆ ಬಿಟ್ಟಾಗ ರುಬ್ಬಿದ ಮಸಾಲೆ ಹಾಕಿ, ಅಂಚಿನಲ್ಲಿ ಎಣ್ಣೆ ಕಾಣುವವರೆಗೆ ಕೈಯಾಡಿಸಿ.

ಈಗ ಬಿಸಿ ನೀರು, 2 ಲೀಟರ್. ಫಾರಂ ಕೋಳಿಯಾದರೆ ಮುಚ್ಚಿ ಇಪ್ಪತ್ತು ನಿಮಿಷ ಬೇಯಿಸಿ. ಜವಾರಿಯಾದರೆ ಕುಕ್ಕರ್‌ನಲ್ಲಿ ಐದಾರು ಸೀಟಿ ಕೂಗಿಸಿ, ಹಬೆ ತಾನಾಗಿ ಇಳಿದ ಮೇಲೆ ಬೋಗುಣಿಗೆ ಸುರಿದುಕೊಳ್ಳಿ. ಇನ್ನೂ ಗಟ್ಟಿಯಿದ್ದರೆ ಮತ್ತೆ ಬೇಯಿಸಿ. ಕಡಬಿನ ಜೊತೆ ಬೇಯುತ್ತದೆ ಬಿಡು ಎಂದು ಮುಂದೆ ಹೋಗಬೇಡಿ.

ಬೆಂದ ತುಂಡುಗಳನ್ನು ತಟ್ಟೆಗೆ ತೆಗೆದು ಮುಚ್ಚಿಡಿ. ಹೆಚ್ಚಿನವರು ಬಿಟ್ಟುಬಿಡುವ ಕೆಲಸ ಇದು. ಪಾತ್ರೆಯಲ್ಲಿ ತುಂಡುಗಳಿದ್ದರೆ ಕಡಬಿಗೆ ಜಾಗವಿಲ್ಲ, ಕುದಿಯುವಾಗ ಎಲುಬಿನ ಚೂಪು ಕಡಬನ್ನು ಸೀಳುತ್ತದೆ, ಫಾರಂ ಕೋಳಿಯಂತೂ ನಾರುನಾರಾಗಿ ಬಿಚ್ಚಿಕೊಳ್ಳುತ್ತದೆ.

ಬೋಗುಣಿಯಲ್ಲಿ ಉಳಿದ ಸಾರು ಒಂದೂವರೆ ಲೀಟರ್‌ನಷ್ಟಿರಬೇಕು, ಸೌಟಿನಿಂದ ಎತ್ತಿ ಬಿಟ್ಟರೆ ನೀರಿನಂತೆ ಸುರಿಯಬೇಕು. ಕಡಿಮೆಯಿದ್ದರೆ ಬಿಸಿ ನೀರು ಸೇರಿಸಿ. ರುಚಿ ನೋಡಿದಾಗ ಉಪ್ಪು, ಖಾರ ಒಂದು ಕೈ ಮುಂದಿರಲಿ. ಅಷ್ಟನ್ನು ಕಡಬು ಎಳೆದುಕೊಳ್ಳುತ್ತದೆ.

ಹಂತ 5: ಎಸರಿಟ್ಟು ಹಿಟ್ಟು ಬೇಯಿಸಿ

ಇಡೀ ಅಡುಗೆಯ ಜೀವ ಇಲ್ಲಿದೆ. ಸಾರು ಸಣ್ಣ ಉರಿಯಲ್ಲಿರಲಿ, ಗಮನವೆಲ್ಲ ಇತ್ತ ಇರಲಿ.

ಹಿಟ್ಟು ಅಳೆದ ಬಟ್ಟಲಿನಲ್ಲೇ 2 ಬಟ್ಟಲು ನೀರು, ಅರ್ಧ ಚಮಚ ಉಪ್ಪು, ಒಂದು ಚಮಚ ಎಣ್ಣೆ ಹಾಕಿ ಕುದಿಸಿ. ತಳದಲ್ಲಿ ಸಣ್ಣ ಗುಳ್ಳೆ ಎದ್ದರೆ ಸಾಲದು. ಇಡೀ ನೀರು ತಳಮಳ ಕುದಿಯಬೇಕು. ಕುದಿ ಬಂದಾಗ ಅರ್ಧ ಬಟ್ಟಲು ಎಸರನ್ನು ತೆಗೆದು ಮುಚ್ಚಿಡಿ. ಎಲ್ಲ ನೀರನ್ನೂ ಮೊದಲೇ ಹಾಕಿ, ಹಿಟ್ಟು ಸಡಿಲವಾದ ಮೇಲೆ ಒಣ ಹಿಟ್ಟು ಬೆರೆಸುವುದು ದೊಡ್ಡ ತಪ್ಪು. ಹಾಗೆ ಬೆರೆಸಿದ ಒಣ ಹಿಟ್ಟಿಗೆ ಎಸರು ತಾಗಿರುವುದಿಲ್ಲ, ಅದು ಸಾರಿನಲ್ಲಿ ಬಿಚ್ಚಿಕೊಂಡು ಉಳಿದದ್ದನ್ನೂ ಒಡೆಯುತ್ತದೆ.

ಉರಿ ಸಣ್ಣದು ಮಾಡಿ ಹಿಟ್ಟನ್ನೆಲ್ಲ ನಡುವೆ ಗುಡ್ಡೆಯಾಗಿ ಸುರಿಯಿರಿ. ಕೂಡಲೇ ಕಲಕಬೇಡಿ. ಲಟ್ಟಣಿಗೆಯ ತುದಿಯಿಂದ ಗುಡ್ಡೆಯ ನಡುವೆ ತಳ ಮುಟ್ಟುವಂತೆ ಒಂದು ತೂತು ಮಾಡಿ, ಮುಚ್ಚಿ, ಮೂರು ನಿಮಿಷ ಬಿಡಿ. ಆ ತೂತಿನಿಂದ ಎಸರು ಮೇಲೆ ಉಕ್ಕಿ ಹಿಟ್ಟಿನ ಮೇಲೆ ಹರಿಯುವುದು ಕಾಣುತ್ತದೆ. ಒಲೆ ಆರಿಸಿ, ಪಾತ್ರೆಯನ್ನು ಬಟ್ಟೆಯಿಂದ ಗಟ್ಟಿ ಹಿಡಿದು ಲಟ್ಟಣಿಗೆಯಿಂದ ತಿರುವಿ. ಒಣ ಹಿಟ್ಟು ಎಲ್ಲೂ ಕಾಣಬಾರದು. ಮತ್ತೆ ಮುಚ್ಚಿ ಐದು ನಿಮಿಷ.

ನಂತರ ಪರಾತಕ್ಕೆ ಸುರಿದು, ಕೈಗೆ ತಣ್ಣೀರು ಮುಟ್ಟಿಸಿಕೊಳ್ಳುತ್ತ, ತಾಳುವಷ್ಟು ಬಿಸಿ ಇರುವಾಗಲೇ ಅಂಗೈಯ ಬುಡದಿಂದ ತಿಕ್ಕಿ ತಿಕ್ಕಿ ನಾದಿ. ಪೂರ್ತಿ ಆರಿದ ಹಿಟ್ಟು ಮತ್ತೆ ಕೂಡಿಕೊಳ್ಳುವುದಿಲ್ಲ. ಗಟ್ಟಿ ಎನಿಸಿದರೆ ತೆಗೆದಿಟ್ಟ ಎಸರನ್ನು ಚಮಚ ಚಮಚವಾಗಿ ಸೇರಿಸಿ. ಐದಾರು ನಿಮಿಷ ನಾದಿದ ಮೇಲೆ ಹಿಟ್ಟು ಪರಾತವನ್ನು ಬಿಟ್ಟು ಒಂದೇ ಮುದ್ದೆಯಾಗುತ್ತದೆ, ಮೇಲ್ಮೈ ನುಣುಪಾಗಿ ತುಸು ಹೊಳೆಯುತ್ತದೆ.

ಗುರುತು ಹೀಗೆ ನೋಡಿ: ಒಂದು ಉಂಡೆಯನ್ನು ಅಂಗೈ ನಡುವೆ ಚಪ್ಪಟೆ ಮಾಡಿ ಅಂಚನ್ನು ಗಮನಿಸಿ. ಕೂದಲೆಳೆಯ ಬಿರುಕು ಒಂದೆರಡು ಇದ್ದರೆ ನಡೆಯುತ್ತದೆ. ಅಂಚು ಸುತ್ತಲೂ ಹಲ್ಲುಹಲ್ಲಾಗಿ ಬಿರಿದರೆ ಎಸರು ಸಾಲದು. ಬೆರಳಿನ ಗುರುತು ನಿಲ್ಲದೆ ಹಿಟ್ಟು ಜೋತುಬಿದ್ದರೆ ಎಸರು ಹೆಚ್ಚಾಗಿದೆ. ಆಗ ಮುದ್ದೆಯನ್ನು ಸಣ್ಣ ಉರಿಯ ಮೇಲೆ ಎರಡು ನಿಮಿಷ ತಿರುವಿ ನೀರು ಆರಿಸಿ.

ಹಂತ 6: ಕಡಬು ತಟ್ಟಿ

ಚಿಕ್ಕ ನಿಂಬೆಹಣ್ಣಿನ ಗಾತ್ರ, ಸುಮಾರು 25 ಗ್ರಾಂ. ಈ ಅಳತೆಗೆ ಇಪ್ಪತ್ತಕ್ಕೂ ಹೆಚ್ಚು ಕಡಬು ಬರುತ್ತವೆ. ಉಂಡೆ ಕಟ್ಟಿ, ಅರ್ಧ ಬೆರಳು ದಪ್ಪಕ್ಕೆ ಚಪ್ಪಟೆ ಮಾಡಿ, ನಡುವೆ ಹೆಬ್ಬೆರಳಿನಿಂದ ಒತ್ತಿ ಕುಳಿ ಮಾಡಿ. ಬಿಸಿ ತಡವಾಗಿ ಮುಟ್ಟುವ ಜಾಗ ನಡುಭಾಗವೇ ಆದ್ದರಿಂದ ಅದು ತೆಳ್ಳಗಾಗಬೇಕು. ಬಡಿಸಿದಾಗ ಸಾರು ನಿಲ್ಲುವುದೂ ಆ ಕುಳಿಯಲ್ಲೇ. ಗುಂಡಾಗಿ ಬಿಟ್ಟ ಕಡಬುಗಳಲ್ಲೇ ಹಸಿ ಹಿಟ್ಟು ಉಳಿಯುವುದು.

ಅಂಚಿನ ಬಿರುಕನ್ನು ಒದ್ದೆ ಬೆರಳಿನಿಂದ ಸವರಿ ಮುಚ್ಚಿ. ತಟ್ಟಿದವನ್ನು ಒಂದಕ್ಕೊಂದು ತಾಗದಂತೆ ಇಟ್ಟು ಒದ್ದೆ ಬಟ್ಟೆ ಹೊದಿಸಿ. ಬೇಸಿಗೆಯಲ್ಲಿ ಫ್ಯಾನ್ ಕೆಳಗೆ ಕುಳಿತು ತಟ್ಟುವುದು ಬೇಡ. ಕಲಬುರಗಿ, ಯಾದಗಿರಿಯ ಏಪ್ರಿಲ್ ಗಾಳಿಗೆ ಮೇಲ್ಮೈ ಐದೇ ನಿಮಿಷದಲ್ಲಿ ಒಣಗಿ ಸಿಪ್ಪೆ ಕಟ್ಟುತ್ತದೆ.

ಹಂತ 7: ಮೊದಲು ಒಂದೇ ಒಂದು ಕಡಬು

ಸಾರಿನ ಉರಿ ದೊಡ್ಡದು ಮಾಡಿ. ಚೆನ್ನಾಗಿ ಕುದಿ ಬಂದಾಗ ಒಂದು ಕಡಬನ್ನು ಮಾತ್ರ ಸೌಟಿನಲ್ಲಿಟ್ಟು ಮೆಲ್ಲಗೆ ಇಳಿಸಿ, ಮೂರು ನಿಮಿಷ ಕಾಯಿರಿ. ಅಂಚು ಗಟ್ಟಿಯಾಗಿ ನಿಂತಿದ್ದರೆ ಉಳಿದವು ಹೋಗಬಹುದು. ಸುತ್ತ ಸಾರು ಬೆಳ್ಳಗಾಗಿ, ಅಂಚು ನೂಲುನೂಲಾಗಿ ಬಿಟ್ಟುಕೊಳ್ಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ. ಉಳಿದ ಕಡಬುಗಳನ್ನು ಎಣ್ಣೆ ಸವರಿದ ಇಡ್ಲಿ ತಟ್ಟೆಯಲ್ಲಿ ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿ, ಆಮೇಲೆ ಸಾರಿಗೆ ಬಿಟ್ಟು ಐದು ನಿಮಿಷ ಮಾತ್ರ ಕುದಿಸಿ. ರುಚಿ ಒಳಗೆ ಅಷ್ಟು ಇಳಿಯುವುದಿಲ್ಲ, ಆದರೆ ಊಟ ಉಳಿಯುತ್ತದೆ.

ಪರೀಕ್ಷೆ ಗೆದ್ದರೆ ನಾಲ್ಕು ನಾಲ್ಕಾಗಿ, ಕುದಿ ಏಳುತ್ತಿರುವ ಜಾಗ ನೋಡಿ ಬಿಡಿ. ಎಲ್ಲವನ್ನೂ ಒಟ್ಟಿಗೆ ಸುರಿದರೆ ಕುದಿ ಸತ್ತು ಕಡಬುಗಳು ತಳಕ್ಕೆ ಕೂತು ಒಂದಕ್ಕೊಂದು ಅಂಟುತ್ತವೆ. ನಾಲ್ಕು ಬಿಟ್ಟಾಗ ಕುದಿ ತಗ್ಗುತ್ತದೆ. ಅದು ಮತ್ತೆ ಏಳುವವರೆಗೆ ಮುಂದಿನ ನಾಲ್ಕು ಕೈಯಲ್ಲೇ ಇರಲಿ.

ಎಲ್ಲ ಬಿಟ್ಟ ಮೇಲೆ ಮೂರು ನಿಮಿಷ ಸೌಟು ಹಾಕಲೇಬಾರದು. ಕೈ ತಡೆಯದೆ ಸೌಟು ಆಡಿಸುವುದರಿಂದಲೇ ಅರ್ಧದಷ್ಟು ಕಡಬು ಒಡೆಯುತ್ತವೆ. ತಳ ಹಿಡಿಯುವ ಹೆದರಿಕೆಯಿದ್ದರೆ ಒಣ ಬಟ್ಟೆಯಿಂದ ಬೋಗುಣಿಯ ಎರಡೂ ಕಿವಿ ಹಿಡಿದು, ಒಲೆಯ ಮೇಲೆಯೇ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ. ಸಾರು ಒಳಗೆ ಸುತ್ತುತ್ತದೆ, ಕಡಬುಗಳು ಜಾಗ ಬದಲಿಸುತ್ತವೆ, ಒಂದೂ ಮುರಿಯುವುದಿಲ್ಲ.

ಆಮೇಲೆ ಉರಿ ಮಧ್ಯಮಕ್ಕೆ ಇಳಿಸಿ, ಮುಚ್ಚಳವನ್ನು ಓರೆಯಾಗಿ ಅರ್ಧ ಮುಚ್ಚಿ ಹತ್ತು ನಿಮಿಷ. ಪೂರ್ತಿ ಮುಚ್ಚಿದರೆ ಒಳಗೆ ಕುದಿ ಜೋರಾಗಿ ಕಡಬು ಬಡಿದಾಡುತ್ತವೆ. ಕಿವಿಯೂ ಇತ್ತ ಇರಲಿ: ಚಟಪಟ ಸಣ್ಣ ಕುದಿಯ ಸದ್ದು ಇದ್ದರೆ ಸರಿ. ಸದ್ದು ಗೊಳ್ ಗೊಳ್ ಎಂದು ದಪ್ಪವಾಗಿ, ಗುಳ್ಳೆ ನಿಧಾನವಾಗಿ ಒಡೆಯತೊಡಗಿದರೆ ತಳ ಹಿಡಿಯುವ ಮುನ್ಸೂಚನೆ. ಕೂಡಲೇ ಒಂದು ಬಟ್ಟಲು ಕುದಿಯುವ ನೀರನ್ನು ಅಂಚಿನಿಂದ ಸುರಿಯಿರಿ. ತಣ್ಣೀರು ಬೇಡ.

ಬೆಂದದ್ದು ಗೊತ್ತಾಗುವುದು ಹೇಗೆ? ಕಡಬು ಮೇಲೆ ಬಂತು ಎಂದು ನಂಬಬೇಡಿ, ಬೇಯುವ ಮೊದಲೇ ಮೇಲೆ ಬರುವುದುಂಟು. ಒಂದನ್ನು ತೆಗೆದು ಚಮಚದ ಅಂಚಿನಿಂದ ಅಡ್ಡ ಕತ್ತರಿಸಿ. ಅಂಚಿನಿಂದ ನಡುವಿನವರೆಗೆ ಒಂದೇ ಬೂದುಬಣ್ಣ, ಒಂದೇ ಮೃದು ಇರಬೇಕು. ನಡುವೆ ಸುಣ್ಣದಂಥ ಬಿಳಿ ಗೆರೆ ಕಂಡರೆ ಇನ್ನು ಮೂರ್ನಾಲ್ಕು ನಿಮಿಷ.

ಹಂತ 8: ಕೋಳಿ ಮರಳಿ ಒಳಗೆ, ನಂತರ ವಿಶ್ರಾಂತಿ

ತೆಗೆದಿಟ್ಟ ತುಂಡುಗಳನ್ನು, ತಟ್ಟೆಯಲ್ಲಿ ಕೂಡಿದ ರಸದ ಸಮೇತ ಹಾಕಿ ಚೆನ್ನಾಗಿ ಬಿಸಿ ಹತ್ತುವವರೆಗೆ, ಸುಮಾರು ಐದು ನಿಮಿಷ ಕುದಿಸಿ. ಅಡುಗೆಯ ಥರ್ಮಾಮೀಟರ್ ಇರುವವರು ದಪ್ಪ ತುಂಡಿನ ಎಲುಬಿನ ಪಕ್ಕ ಚುಚ್ಚಿ ನೋಡಿ, 74 ಡಿಗ್ರಿ ದಾಟಿರಬೇಕು. ಒಲೆ ಆರಿಸಿ ಕೊತ್ತಂಬರಿ ಸೊಪ್ಪು ಹಾಕಿ, ಮುಚ್ಚಿ, ಹತ್ತು ನಿಮಿಷ ಮುಟ್ಟದೆ ಬಿಡಿ. ಒಲೆಯಿಂದ ಇಳಿಸಿದ ತಕ್ಷಣ ಸಾರು ತೆಳ್ಳಗೆ ಕಂಡರೆ ಹಿಟ್ಟು ಕದಡಿ ಹಾಕುವ ಆತುರ ಬೇಡ. ಈ ಹತ್ತು ನಿಮಿಷದಲ್ಲಿ ಅದು ತಾನಾಗಿ ಮೈ ಕೂಡಿಕೊಳ್ಳುತ್ತದೆ. ಬಡಿಸುವಾಗ ಸೌಟನ್ನು ಅಂಚಿನಿಂದ ಇಳಿಸಿ ಕಡಬಿನ ಕೆಳಗೆ ಕೊಡಿ. ಮೇಲೆ ಒಂದು ಚಮಚ ತುಪ್ಪ, ಪಕ್ಕದಲ್ಲಿ ಹಸಿ ಉಳ್ಳಾಗಡ್ಡಿ, ನಿಂಬೆಹಣ್ಣು. ಟೊಮೆಟೊ ಒಂದೇ ಹಾಕಿರುವುದರಿಂದ ನಿಂಬೆಹುಳಿ ಬೇಕೇ ಬೇಕು.

ಮೈದಾ ಅಥವಾ ಗೋಧಿಯಲ್ಲಿ ಮಾಡುವುದಾದರೆ

ಇಲ್ಲಿ ನಿಯಮಗಳು ತಲೆಕೆಳಗು. ಮೈದಾ ಡಂಪ್ಲಿಂಗ್‌ಗೆ ಒಂದೂವರೆ ಬಟ್ಟಲು ಮೈದಾ, 2 ಸಣ್ಣ ಚಮಚ ಬೇಕಿಂಗ್ ಪೌಡರ್, ಅರ್ಧ ಸಣ್ಣ ಚಮಚ ಉಪ್ಪು, 2 ಚಮಚ ಬೆಣ್ಣೆ, ಮುಕ್ಕಾಲು ಬಟ್ಟಲು ತಣ್ಣನೆಯ ಹಾಲು. ಹಿಟ್ಟು ಕೂಡಿಕೊಂಡರೆ ಸಾಕು; ನಾದಿದರೆ ರಬ್ಬರಿನಂತಾಗುತ್ತದೆ. ಸಾರು ಮೆಲ್ಲಗೆ ಕುದಿಯುತ್ತಿರುವಾಗ ಚಮಚದಿಂದ ಬಿಟ್ಟು, ಬಿಗಿಯಾಗಿ ಮುಚ್ಚಿ, ಹದಿನೈದು ನಿಮಿಷ ಮುಚ್ಚಳ ತೆಗೆಯದಿರಿ. ಬೇಕಿಂಗ್ ಪೌಡರ್‌ನಿಂದ ಉಬ್ಬುವ ಅದು ಮೇಲಿನವರೆಗೆ ಬೇಯುವುದು ಒಳಗಿನ ಹಬೆಯಿಂದ. ಗೋಧಿಯಾದರೆ ಚಪಾತಿಗಿಂತ ಗಟ್ಟಿಯಾಗಿ ಕಲಸಿ, ಅರ್ಧ ಗಂಟೆ ನೆನೆಯಲು ಬಿಟ್ಟು, ಲಟ್ಟಿಸಿ ಕತ್ತರಿಸಿ ಹಾಕಿ. ಹತ್ತು ನಿಮಿಷದಲ್ಲಿ ಬೇಯುತ್ತದೆ.

ಉಳಿದರೆ

ಬೇಸಿಗೆಯಲ್ಲಿ ಒಂದು ಗಂಟೆ, ಉಳಿದ ಕಾಲದಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊರಗಿಡಬೇಡಿ. ಆಳವಾದ ಪಾತ್ರೆಯಲ್ಲಿ ಹಾಗೆಯೇ ಫ್ರಿಜ್‌ಗಿಟ್ಟರೆ ನಡುಭಾಗ ಗಂಟೆಗಟ್ಟಲೆ ಬಿಸಿಯಾಗಿಯೇ ಇರುತ್ತದೆ. ಅಗಲ ಡಬ್ಬಿಗಳಿಗೆ ಹಂಚಿ, ಕಡಬನ್ನು ಒಂದರಲ್ಲಿ, ಸಾರು ಮತ್ತು ಕೋಳಿಯನ್ನು ಇನ್ನೊಂದರಲ್ಲಿ ಇಡಿ. ಎರಡನ್ನೂ ಒಟ್ಟಿಗೆ ಇಟ್ಟರೆ ಬೆಳಗ್ಗೆ ಸಾರಿನ ಹನಿಯೂ ಉಳಿದಿರುವುದಿಲ್ಲ. ಬಿಸಿ ಮಾಡುವಾಗ ಮೊದಲು ಸಾರಿಗೆ ಒಂದು ಬಟ್ಟಲು ನೀರು ಬೆರೆಸಿ ಚೆನ್ನಾಗಿ ಕುದಿಸಿ, ಉಪ್ಪು ಸರಿಮಾಡಿ, ಆಮೇಲೆ ಕಡಬು ಬಿಟ್ಟು ಐದು ನಿಮಿಷ. ಫ್ರಿಜ್‌ನಲ್ಲಿ ಬಿರುಸಾದ ಕಡಬು ಕುದಿಯಲ್ಲಿ ಮತ್ತೆ ಮೆತ್ತಗಾಗುತ್ತದೆ. ಮರುದಿನವೇ ಮುಗಿಸಿ.